ಕಾಫಿ ಸೀಮೆಯ ಒಂಬತ್ತು ಹೋಲಿನ ಗಾಲ್ಫ್ ಕ್ಲಬ್: ಹಲವು ಸೀಸನ್ ಆಡಿದ ಮೇಲಿನ ವಿಮರ್ಶೆ

ಅಂಕ ಮೊದಲೇ ಹೇಳಿಬಿಡುವುದು ವಾಸಿ: ಐದಕ್ಕೆ ಮೂರೂವರೆ. ತಿಂಗಳಿಗೊಂದೆರಡು ಭಾನುವಾರ ನಾಲ್ವರು ಸ್ನೇಹಿತರು ಸೇರಿ ಆಡಿ, ತಿಂಡಿ ತಿಂದು ಹೊರಡುವವರಿಗೆ ಈ ಸದಸ್ಯತ್ವ ದುಬಾರಿ. ಪರಿಚಯದ ಸದಸ್ಯರ ಅತಿಥಿಯಾಗಿ ಗ್ರೀನ್ ಫೀ (ಆ ದಿನದ ಆಟದ ಶುಲ್ಕ) ಕಟ್ಟಿ ಆಡಿದರೆ ವರ್ಷದ ಲೆಕ್ಕದಲ್ಲಿ ಉಳಿತಾಯವೇ ಹೆಚ್ಚು. ಕ್ಲಬ್ಬಿನ ಪಂದ್ಯಪಟ್ಟಿ ಹಿಡಿದು ಮೆಡಲ್ ರೌಂಡ್ (ಒಟ್ಟು ಹೊಡೆತ ಎಣಿಸುವ ಪಂದ್ಯ), ನಾಕೌಟ್, ಫೋರ್‌ಬಾಲ್ (ಇಬ್ಬಿಬ್ಬರ ಜೋಡಿ ಆಟ) ಎಂದು ಬಿಡದೆ ಆಡುವವರಿಗೆ ಮಾತ್ರ ಕೊಟ್ಟ ದುಡ್ಡು ವಸೂಲಾಗುತ್ತದೆ. ಕ್ಲಬ್ಬಿನ ಹೆಸರು ಇಲ್ಲಿ ಬೇಡ. ಒಂಬತ್ತು ಹೋಲು, ಗರಿಕೆ ಹುಲ್ಲಿನ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ಹಾದಿ), ಸುತ್ತ ತೋಟ, ತೋಟದವರು ಅರ್ಧ, ಪೇಟೆಯವರು ಅರ್ಧ. ಈ ಕಡೆಯ ಗಾಲ್ಫ್ ಗೊತ್ತಿದ್ದವರಿಗೆ ಇಷ್ಟು ಸಾಕು. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂಥ ನಗರದ ಕ್ಲಬ್ಬುಗಳಿಗೆ ಈ ಮಾತೆಲ್ಲ ಹಾಗೇ ಹೊಂದುವುದಿಲ್ಲ.

ಒಂಬತ್ತು ಹೋಲು ಎಂದು ಮೂಗು ಮುರಿಯುವವರಿದ್ದಾರೆ. ಒಂಬತ್ತನ್ನೇ ಎರಡು ಸಲ ಆಡಿ ಹದಿನೆಂಟು ಮಾಡುವಾಗ ಎರಡನೇ ಸುತ್ತಿಗೆ ಟೀ (ಮೊದಲ ಹೊಡೆತದ ಜಾಗ) ಬೇರೆ ಇರುವುದರಿಂದ ನಾಲ್ಕನೇ ಹೋಲಿನಲ್ಲಿ ಐರನ್ ಹಿಡಿದವರು ಅದೇ ಗ್ರೀನಿಗೆ (ತೂತಿರುವ ನುಣುಪು ಹುಲ್ಲಿನ ಜಾಗಕ್ಕೆ) ಹದಿಮೂರನೆಯದರಲ್ಲಿ ದೂರ ಹೊಡೆಯುವ ಡ್ರೈವರ್ ತೆಗೆಯಬೇಕಾಗಬಹುದು. ಆಟ ಬೇಸರ ತರಿಸುವುದಿಲ್ಲ. ತೊಂದರೆ ಇರುವುದು ಸಮಯದಲ್ಲಿ. ಪಂದ್ಯದ ದಿನ ಮೊದಲ ಗುಂಪು 6.30ಕ್ಕೆ, ಆಮೇಲೆ ಹತ್ತು ನಿಮಿಷಕ್ಕೊಂದು. ಒಂಬತ್ತು ಹೋಲಿಗೆ 2 ಗಂಟೆ 10 ನಿಮಿಷ ಹಿಡಿದರೆ ಮೊದಲನೆಯವರು 8.40ಕ್ಕೆ ಮತ್ತೆ ಮೊದಲ ಟೀಗೆ ಬಂದು ನಿಲ್ಲುತ್ತಾರೆ. ಅಷ್ಟರೊಳಗೆ ಹೊಸಬರು ಹೊರಡುವುದು ಮುಗಿದಿರಬೇಕು: 8.20ರ ಹನ್ನೆರಡನೇ ಗುಂಪೇ ಕೊನೆ, 8.30 ಖಾಲಿ. ಅಂದರೆ 48 ಮಂದಿ, ಒಬ್ಬರೂ ಹೆಚ್ಚಿಲ್ಲ. ‘ಇವರೊಬ್ಬರನ್ನು ಸೇರಿಸಿಕೊಳ್ಳಿ’ ಎಂದು, ಗುಂಪುಗಳನ್ನು ಹೊರಡಿಸುವ ಸ್ಟಾರ್ಟರ್ ಮೇಲೆ ಒತ್ತಡ ಹಾಕಿ ಒಂದು ಗುಂಪನ್ನು ಐದು ಮಾಡಿದರೆ ಆ ಖಾಲಿ ಹತ್ತು ನಿಮಿಷ ಮೂರನೇ ಹೋಲಿನಲ್ಲೇ ಕರಗಿಹೋಗುತ್ತದೆ. ಆಮೇಲೆ ಟೀ ಮೇಲೆ ಎರಡೆರಡು ಗುಂಪು, ಮುಖ ಊದಿಸಿಕೊಂಡ ಎಂಟು ಜನ. ಸ್ಟಾರ್ಟರ್ ಮಾತಿಗೆ ಕ್ಯಾಪ್ಟನ್ ಬೆಂಬಲ ಇದೆಯೋ ಇಲ್ಲವೋ ಎಂಬುದು ಸೇರುವ ಮೊದಲು ಒಂದು ಮೆಡಲ್ ದಿನ ಬೆಳಗ್ಗೆ ಬಂದು ನಿಂತು ನೋಡಿದರೆ ತಿಳಿದುಬಿಡುತ್ತದೆ.

ಸೀಸನ್ನು ಮಳೆಯ ಕೈಯಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಮುಚ್ಚುವುದಿಲ್ಲ, ಆದರೆ ಆಟ ಅರ್ಧ ಆಟ. ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ, ಒಂದಡಿಯೂ ಉರುಳುವುದಿಲ್ಲ, ರಫ್‌ನಲ್ಲಿ (ಪಕ್ಕದ ಉದ್ದ ಹುಲ್ಲಿನಲ್ಲಿ) ಇಂಬಳ. ಸಾಕ್ಸಿನೊಳಕ್ಕೆ ಪ್ಯಾಂಟು ಸಿಕ್ಕಿಸಿ ಹೊಗೆಸೊಪ್ಪಿನ ನೀರು ಹಚ್ಚಿಕೊಂಡು ಇಳಿಯುವವರೇ ಮಳೆಗಾಲದ ಆಟಗಾರರು. ಈ ನಾಲ್ಕು ತಿಂಗಳಲ್ಲಿ ಜಗಳ ಹುಟ್ಟುವುದೆಲ್ಲ ನಿಯಮ ಅರೆಬರೆ ತಿಳಿದದ್ದರಿಂದ. ಕಾಲಿಟ್ಟರೆ ಪಿಚಕ್ಕೆನ್ನುವ ಕೆಸರೆಲ್ಲ ‘ತಾತ್ಕಾಲಿಕ ನೀರು’ ಅಲ್ಲ. ನಿಲ್ಲುವ ಮುಂಚೆಯೋ ನಿಂತ ಮೇಲೋ, ಕಾಲನ್ನು ಬೇಕೆಂದು ಒತ್ತದೆ, ನೀರು ಮೇಲೆ ಕಣ್ಣಿಗೆ ಕಾಣಬೇಕು. ಹಾಗೆ ಕಂಡರೆ, ತೊಂದರೆ ತಪ್ಪುವ ಹತ್ತಿರದ ಜಾಗ ಗುರುತಿಸಿ ಅಲ್ಲಿಂದ ಒಂದು ಕ್ಲಬ್ (ಹೊಡೆಯುವ ಕೋಲು) ಉದ್ದದೊಳಗೆ, ಹೋಲಿಗೆ ಹತ್ತಿರವಾಗದಂತೆ, ಮೊಣಕಾಲೆತ್ತರದಿಂದ ಚೆಂಡು ಬಿಡಬೇಕು, ದಂಡವಿಲ್ಲ. ಹೂತ ಚೆಂಡಿಗೂ ದಂಡವಿಲ್ಲ, ಆದರೆ ಬಂಕರಿನ ಮರಳಿನಲ್ಲಿ ಹೂತಿದ್ದರೆ ಆ ಸೌಲಭ್ಯ ಇಲ್ಲ.

ಇನ್ನೊಂದು ‘ಪ್ರಿಫರ್ಡ್ ಲೈ’. ಮಳೆಗಾಲದಲ್ಲಿ ಚೆಂಡು ಎತ್ತಿ, ಒರೆಸಿ, ಹತ್ತಿರ ಇಡಲು ಕೊಡುವ ಸ್ಥಳೀಯ ನಿಯಮ ಇದು. ಎಷ್ಟು ದೂರದೊಳಗೆ ಇಡಬಹುದು, ಆರು ಇಂಚೋ ಸ್ಕೋರ್ ಕಾರ್ಡಿನ ಉದ್ದವೋ ಕ್ಲಬ್ಬಿನ ಉದ್ದವೋ, ಎಂಬುದನ್ನು ಸಮಿತಿ ಬರೆದು ಹಾಕಬೇಕು. ನಮ್ಮಲ್ಲಿ ಬೋರ್ಡಿನ ಮೇಲೆ ‘ಪ್ರಿಫರ್ಡ್ ಲೈ ಇದೆ’ ಎಂದಷ್ಟೇ ಇರುತ್ತದೆ. ಒಬ್ಬರು ಗೇಣುದ್ದ ಸರಿಸುತ್ತಾರೆ, ಇನ್ನೊಬ್ಬರು ಮರದ ಹಿಂದಿನಿಂದಲೇ ಹೊರತರುತ್ತಾರೆ. ಫೇರ್‌ವೇ ಮಟ್ಟಕ್ಕೆ ಕತ್ತರಿಸಿದ ಹುಲ್ಲಿನಲ್ಲಿ ಮಾತ್ರ ಇದು ಸಲ್ಲುತ್ತದೆ, ರಫ್‌ನಲ್ಲಿ ಇಲ್ಲ. ಒಮ್ಮೆ ಇಟ್ಟು ಕೈಬಿಟ್ಟರೆ ಚೆಂಡು ಆಟದಲ್ಲಿದೆ. ಸರಿಯಾಗಿ ಕೂತಿಲ್ಲವೆಂದು ಮತ್ತೆ ಮುಟ್ಟುವಂತಿಲ್ಲ. ಕಾಡುಹಂದಿ ರಾತ್ರಿ ಮೂತಿ ಹಾಕಿ ಉತ್ತುಬಿಟ್ಟ ಜಾಗಕ್ಕೆ ಸುತ್ತ ಬಿಳಿ ಗೆರೆ ಎಳೆದು ದುರಸ್ತಿಯ ನೆಲ ಎಂದು ಗುರುತು ಮಾಡಿಸುವುದೂ ಸಮಿತಿಯ ಕೆಲಸವೇ. ಈ ವಿಷಯದಲ್ಲಿ ನಮ್ಮ ಹೆಡ್ ಮಾಲಿ ಸಮಿತಿಗಿಂತ ಚುರುಕು.

ಮಳೆ ಹಿಂದೆ ಸರಿಯುತ್ತಿದ್ದಂತೆ ಗ್ರೀನ್‌ಗಳಿಗೆ ಹಾಲೋ ಟೈನಿಂಗ್. ಟೊಳ್ಳು ಮೊಳೆಗಳ ಯಂತ್ರದಿಂದ ಬೆರಳು ಗಾತ್ರದ ಮಣ್ಣಿನ ತುಂಡು ಕಿತ್ತು ತೆಗೆದು, ತೂತುಗಳಿಗೆ ಒಣ ಮರಳು ತುಂಬಿಸುತ್ತಾರೆ. ನಾಲ್ಕು ತಿಂಗಳ ಮಳೆಗೆ ಗಟ್ಟಿಯಾಗಿ ಪಾಚಿ ಕಟ್ಟಿದ ನೆಲಕ್ಕೆ ಗಾಳಿ ಹೋಗಬೇಕು, ನೀರು ಇಳಿಯಬೇಕು. ಎರಡು ಮೂರು ವಾರ ಪಟ್ ಮಾಡುವುದು (ಚೆಂಡನ್ನು ತೂತಿಗೆ ಉರುಳಿಸುವುದು) ಜಲ್ಲಿ ಮೇಲೆ ಗೋಲಿ ಉರುಳಿಸಿದ ಹಾಗಿರುತ್ತದೆ. ಬೈಯುವವರು ಬೈಯಲಿ, ಇದನ್ನು ತಪ್ಪಿಸಿದ ವರ್ಷ ಫೆಬ್ರುವರಿಯಲ್ಲಿ ಗ್ರೀನ್ ಬೋಳಾಗುತ್ತದೆ. ಆ ವಾರಗಳಲ್ಲಿ ಮೆಡಲ್ ಇಡಬಾರದು. ಸ್ಕ್ರ್ಯಾಂಬಲ್ (ತಂಡದ ಒಳ್ಳೆಯ ಹೊಡೆತದ ಜಾಗದಿಂದ ಎಲ್ಲರೂ ಮುಂದಾಡುವ ಆಟ) ಇಟ್ಟರೆ ಸರಿ.

ನವೆಂಬರ್‌ನಿಂದ ಫೆಬ್ರುವರಿ ಹವಾಮಾನಕ್ಕೆ ಹೋಲಿಕೆಯೇ ಇಲ್ಲ. ತೊಡಕೆಂದರೆ ಕಾಫಿ ಕೊಯ್ಲೂ ಆಗಲೇ: ಅರೇಬಿಕಾ ನವೆಂಬರ್‌ನಿಂದ ಜನವರಿ, ರೋಬಸ್ಟಾ ಡಿಸೆಂಬರ್‌ನಿಂದ ಫೆಬ್ರುವರಿ. ತೋಟದ ಸದಸ್ಯರು ಕಣದಲ್ಲಿರುತ್ತಾರೆ. ಕ್ಯಾಡಿಗಳಲ್ಲೂ ಹಲವರು ಕೆ.ಜಿ. ಲೆಕ್ಕದ ಕೂಲಿಗೆ ಕೊಯ್ಲಿಗೆ ಹೋಗುತ್ತಾರೆ. ಅಲ್ಲಿ ಸಿಗುವುದು ಇಲ್ಲಿಗಿಂತ ಹೆಚ್ಚಾದರೆ ಯಾರು ತಾನೆ ಬ್ಯಾಗ್ ಹೊರುತ್ತಾರೆ? ಕ್ಲಬ್ ಚಾಂಪಿಯನ್‌ಶಿಪ್ಪನ್ನು ಡಿಸೆಂಬರ್‌ನಲ್ಲಿಟ್ಟರೆ ಅರ್ಧ ಕ್ಲಬ್ಬಿನ ಚಾಂಪಿಯನ್ ಸಿಗುತ್ತಾನೆ, ಅಷ್ಟೆ. ಫೆಬ್ರುವರಿ ಕೊನೆ ಅಥವಾ ಮಾರ್ಚ್ ಮೊದಲ ವಾರವೇ ಸರಿ. ಚಳಿಗಾಲದಲ್ಲಿ ಇಬ್ಬನಿಯೂ ಒಂದು ಲೆಕ್ಕ. 6.30ರ ಗುಂಪಿಗೆ ಗ್ರೀನ್ ನಿಧಾನ, ಚೆಂಡು ಹೋದ ದಾರಿ ಗೆರೆಯಾಗಿ ಕಾಣುತ್ತದೆ; 8.20ರ ಗುಂಪಿಗೆ ಅದೇ ಗ್ರೀನ್ ವೇಗ. ಮಾಲಿಗಳು ಉದ್ದ ಬಿದಿರಿನಿಂದ ಇಬ್ಬನಿ ಬಡಿಯುತ್ತಾರಾದರೂ ಒಂಬತ್ತಕ್ಕೂ ಆಗುವಷ್ಟು ಕೈ ಇಲ್ಲ. ಆದ್ದರಿಂದ ಮೆಡಲ್ ಡ್ರಾದಲ್ಲಿ ಸಮಯ ತಿಂಗಳಿಂದ ತಿಂಗಳಿಗೆ ತಿರುಗಬೇಕು. ನಮ್ಮಲ್ಲಿ ಕೆಲವರಿಗೆ ಪ್ರತಿ ಸಲವೂ ಎಂಟು ಗಂಟೆಯ ಟೀ ಸಿಗುವುದು ಹೇಗೋ.

ಮಾರ್ಚ್, ಏಪ್ರಿಲ್ ಹೂಮಳೆ ತೋಟಕ್ಕೆ ವರ, ಆಟಗಾರನಿಗೆ ಗುಡುಗು-ಮಿಂಚು. ಸೈರನ್ ಕೂಗಿದ ತಕ್ಷಣ ಆಟ ನಿಲ್ಲಿಸಬೇಕು, ‘ಈ ಹೋಲು ಮುಗಿಸಿಬಿಡೋಣ’ ಎಂಬುದಿಲ್ಲ. ಸೈರನ್ ಕೂಗದಿದ್ದರೂ ಮಿಂಚಿನ ಅಪಾಯ ಇದೆಯೆಂದು ಅನ್ನಿಸಿದರೆ ಆಟಗಾರ ತಾನೇ ನಿಲ್ಲಿಸಬಹುದು, ನಿಯಮ ಅದಕ್ಕೆ ಒಪ್ಪುತ್ತದೆ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವ ತನಕ ಹೊರಗೆ ಬರಬಾರದು. ಮರದ ಕೆಳಗೆ ಕೊಡೆ ಹಿಡಿದು ನಿಲ್ಲುವವರನ್ನು ಈಗಲೂ ನೋಡುತ್ತೇವೆ. ಬೇಸಿಗೆ ಪಂದ್ಯಗಳನ್ನು ಬೆಳಗ್ಗೆಗೆ ಸೀಮಿತ ಮಾಡಿ ಹನ್ನೊಂದರೊಳಗೆ ಮುಗಿಸುವ ಪದ್ಧತಿ ಕ್ಲಬ್ಬಿನ ಒಳ್ಳೆಯ ತೀರ್ಮಾನ.

ಇನ್ನು ಹ್ಯಾಂಡಿಕ್ಯಾಪ್, ಅಂದರೆ ಆಟಗಾರನ ಮಟ್ಟಕ್ಕೆ ತಕ್ಕಂತೆ ಸಿಗುವ ರಿಯಾಯಿತಿ ಹೊಡೆತ. ಕ್ಲಬ್ಬಿನ ಮರ್ಯಾದೆ ನಿಂತಿರುವುದು ಇದರ ಮೇಲೆ, ನಾವು ಅರ್ಧ ಅಂಕ ಕಳೆದದ್ದೂ ಇಲ್ಲೇ. 2020ರಿಂದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆ. ನಮ್ಮ ದೇಶದಲ್ಲಿ ಇಂಡಿಯನ್ ಗಾಲ್ಫ್ ಯೂನಿಯನ್ ಕೆಳಗೆ ನಡೆಯುತ್ತದೆ. ಹೊಸಬರು 54 ಹೋಲಿನ ಕಾರ್ಡು ಕೊಟ್ಟರೆ, ಅಂದರೆ ಹದಿನೆಂಟರ ಮೂರು ಕಾರ್ಡು, ಇಂಡೆಕ್ಸ್ (ಹ್ಯಾಂಡಿಕ್ಯಾಪಿನ ಮೂಲ ಅಂಕ) ಬರುತ್ತದೆ. ಕಾರ್ಡುಗಳು ಇಪ್ಪತ್ತಾದ ಮೇಲೆ ಕೊನೆಯ ಇಪ್ಪತ್ತರಲ್ಲಿ ಒಳ್ಳೆಯ ಎಂಟರ ಸರಾಸರಿ. ಲೆಕ್ಕ ಹೀಗೆ: ಕೋರ್ಸ್ ರೇಟಿಂಗ್ (ನುರಿತವರಿಗೆ ಮೈದಾನ ಎಷ್ಟು ಕಷ್ಟ) 70.4, ಸ್ಲೋಪ್ (ಸಾಮಾನ್ಯ ಆಟಗಾರರಿಗೆ ಇನ್ನೆಷ್ಟು ಹೆಚ್ಚು ಕಷ್ಟ) 124, ಪಾರ್ (ನಿಗದಿತ ಹೊಡೆತ) 71 ಎಂದಿಟ್ಟುಕೊಳ್ಳಿ. ಸರಿಪಡಿಸಿದ ಸ್ಕೋರು 88 ಆದರೆ, 88ರಿಂದ 70.4 ಕಳೆದು ಉಳಿದ 17.6ನ್ನು ಸ್ಲೋಪಿನ ಪ್ರಮಾಣ ಅಂಕ 113ರಿಂದ ಗುಣಿಸಿ 124ರಿಂದ ಭಾಗಿಸಿದರೆ 16.0, ಆ ದಿನದ ಡಿಫರೆನ್ಷಿಯಲ್ ಅದು. ಸರಿಪಡಿಸುವುದೆಂದರೆ ಯಾವ ಹೋಲಿನಲ್ಲೂ ಪಾರ್ ಮೇಲೆ ಎರಡು, ಜೊತೆಗೆ ಆ ಹೋಲಿಗೆ ಸಿಗುವ ಹೊಡೆತ, ಇದಕ್ಕಿಂತ ಹೆಚ್ಚು ಎಣಿಸದಿರುವುದು. ಪಾರ್ 4ರಲ್ಲಿ ಒಂದು ಹೊಡೆತ ಸಿಗುವವನು ಹನ್ನೊಂದು ಹೊಡೆದರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ 7. ಪಂದ್ಯದ ಸ್ಕೋರಿಗೆ ಮಾತ್ರ ಹನ್ನೊಂದೇ.

ಇಂಡೆಕ್ಸ್ 16.0 ಇದ್ದವರಿಗೆ ಇದೇ ಮೈದಾನದಲ್ಲಿ ಕೋರ್ಸ್ ಹ್ಯಾಂಡಿಕ್ಯಾಪ್ (ಅಲ್ಲಿ ಸಿಗುವ ಹೊಡೆತ) 17. ಮೆಡಲ್ ರೌಂಡಿನಲ್ಲಿ ಅದರ ಶೇ. 95, ಅಂದರೆ 16. ಒಬ್ಬರ ವಿರುದ್ಧ ಒಬ್ಬರ ಮ್ಯಾಚ್ ಪ್ಲೇಯಲ್ಲಿ (ಹೋಲು ಹೋಲಾಗಿ ಗೆಲ್ಲುವ ಆಟದಲ್ಲಿ) ಪೂರ್ತಿ ವ್ಯತ್ಯಾಸ: 17ರವರು 9ರವರ ಎದುರು ಆಡಿದರೆ ಸ್ಟ್ರೋಕ್ ಇಂಡೆಕ್ಸ್ (ಹೊಡೆತ ಹಂಚಲು ಹೋಲುಗಳಿಗೆ ಕೊಟ್ಟ ಕ್ರಮಸಂಖ್ಯೆ) 1ರಿಂದ 8ರವರೆಗಿನ ಹೋಲುಗಳಲ್ಲಿ ಒಂದೊಂದು ಹೊಡೆತ. ಫೋರ್‌ಬಾಲ್ ಸ್ಟೇಬಲ್‌ಫೋರ್ಡ್‌ನಲ್ಲಿ (ಹೋಲಿಗಿಷ್ಟು ಅಂಕ ಎಂಬ ಜೋಡಿ ಆಟದಲ್ಲಿ) ಶೇ. 85. ಇಷ್ಟನ್ನು ಮೊದಲ ಟೀ ಪಕ್ಕ ಒಂದು ಹಲಗೆಯಲ್ಲಿ ಬರೆದಿದ್ದಾರೆ, ಮೆಚ್ಚಬೇಕಾದ್ದೇ.

ಕೆಡುವುದು ಎಲ್ಲಿ? ಕಾರ್ಡು ಕೊಡುವಲ್ಲಿ. ಚೆನ್ನಾಗಿ ಆಡಿದ ದಿನ ಕಾರ್ಡು ಜೇಬಿಗೆ, ಕೆಟ್ಟ ದಿನದ್ದು ಪೆಟ್ಟಿಗೆಗೆ ಹಾಕಿದರೆ ಇಂಡೆಕ್ಸ್ ಉಬ್ಬಿ ಬಹುಮಾನದ ದಿನ ಕೆಲಸಕ್ಕೆ ಬರುತ್ತದೆ. ವ್ಯವಸ್ಥೆಯಲ್ಲಿ ಕಡಿವಾಣವಿದೆ. ವರ್ಷದ ಕನಿಷ್ಠ ಇಂಡೆಕ್ಸಿಗಿಂತ 3 ಏರಿದ ಮೇಲೆ ಏರಿಕೆ ಅರ್ಧವಾಗುತ್ತದೆ, 5ಕ್ಕೆ ನಿಂತೇಬಿಡುತ್ತದೆ. ತನ್ನ ಇಂಡೆಕ್ಸಿಗಿಂತ 7ರಷ್ಟು ಉತ್ತಮ ಡಿಫರೆನ್ಷಿಯಲ್ ಬಂದರೆ ಒಂದು, 10 ಅಥವಾ ಹೆಚ್ಚಾದರೆ ಎರಡು ಹೆಚ್ಚುವರಿ ಕಡಿತ. ಆದರೆ ಕೊಡದ ಕಾರ್ಡನ್ನು ಯಾವ ಸಾಫ್ಟ್‌ವೇರೂ ಹಿಡಿಯಲಾರದು. ಅದಕ್ಕೆ ಸಮಿತಿಗೆ ಮುಖ ನೋಡದೆ ಕೇಳುವ ಧೈರ್ಯ ಬೇಕು. ಇನ್ನೊಂದು ಕೆಟ್ಟ ಅಭ್ಯಾಸ ಗಿಮ್ಮಿ, ಚಿಕ್ಕ ಪಟ್ ಹೊಡೆಯದೆ ಬಿದ್ದಿತೆಂದು ಬಿಡುವುದು. ಮ್ಯಾಚ್ ಪ್ಲೇಯಲ್ಲಿ ಎದುರಾಳಿಗೆ ಪಟ್ ಬಿಟ್ಟುಕೊಡಬಹುದು. ಮೆಡಲ್‌ನಲ್ಲಿ ಚೆಂಡು ತೂತಿನೊಳಗೆ ಬೀಳದೆ ಎತ್ತಿದರೆ, ಅದನ್ನು ಸರಿಪಡಿಸದೆ ಮುಂದಿನ ಟೀಯಿಂದ ಹೊಡೆದರೆ, ಅನರ್ಹತೆ. ತೂತು 108 ಮಿ.ಮೀ. ಅಗಲ ಇದೆ, ಗೇಣುದ್ದದ ಪಟ್ ಹಾಕಿ ಮುಗಿಸಲು ಏನು ಕಷ್ಟ?

ಕ್ಯಾಡಿಗಳು ಈ ಕ್ಲಬ್ಬಿನ ದೊಡ್ಡ ಆಸ್ತಿ. ಗ್ರೀನಿನ ಓರೆ ಯಾವ ಕಡೆ, ಗರಿಕೆ ಯಾವ ದಿಕ್ಕಿಗೆ ವಾಲಿದೆ ಎಂದು ಅವರಷ್ಟು ತಿಳಿದವರು ಸದಸ್ಯರಲ್ಲಿ ಇಲ್ಲ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದದ್ದನ್ನು ಇವರೆಲ್ಲ ಬಲ್ಲರು. ಮೈದಾನ ಸದಸ್ಯರಿಗೆ ಮುಚ್ಚಿರುವ ಸೋಮವಾರ ಇವರಿಗೆ ಆಡಲು ಬಿಡುತ್ತಾರೆ, ವರ್ಷಕ್ಕೊಂದು ಕ್ಯಾಡಿ ಪಂದ್ಯವೂ ಇದೆ. ಗುರಿ ಕಾಣದ ಕುರುಡು ಹೋಲುಗಳಿಗೆ ಮುಂದೆ ನಿಂತು ಚೆಂಡು ನೋಡುವ ಆಗೇವಾಲಾ ಬೇಕೇ ಬೇಕು. ಹುಡುಕಲು ಇರುವುದು ಮೂರೇ ನಿಮಿಷ, ಕಾಫಿ ಗಿಡದೊಳಗೆ ಹೋದದ್ದಂತೂ ಹೋಯಿತು. ಕ್ಯಾಡಿ ಕೂಲಿ ನಿಗದಿ ಇದೆ, ಹೊರುವುದಕ್ಕೂ ಟ್ರಾಲಿ ಎಳೆಯುವುದಕ್ಕೂ ಬೇರೆ ಬೇರೆ. ಸುತ್ತು ಮುಗಿದ ಕೂಡಲೇ ಕೈಗೇ ಕೊಡುವುದು ಇಲ್ಲಿನ ರೂಢಿ. ಖಾತೆಗೆ ಬರೆದುಕೊಳ್ಳಿ ಎನ್ನುವವರಿಗೆ ಮುಂದಿನ ವಾರ ಒಳ್ಳೆಯ ಕ್ಯಾಡಿ ಸಿಗುವುದಿಲ್ಲ.

ಎರಡು ಕೆಲಸಗಳನ್ನು ಮಾತ್ರ ಕ್ಯಾಡಿಗೆ ಬಿಡದೆ ನೀವೇ ಕಲಿಯಿರಿ. ಫೇರ್‌ವೇಯಲ್ಲಿ ಹುಲ್ಲು ಕಿತ್ತುಹೋದರೆ ಆ ಹೆಂಟೆಯನ್ನು ಮತ್ತೆ ಕೂರಿಸುವುದಕ್ಕಿಂತ ಮರಳು ತುಂಬಿ ಕಾಲಿನಿಂದ ಸಮ ಮಾಡುವುದು ಮೇಲು. ಗರಿಕೆ ಬಳ್ಳಿಯಾಗಿ ಹರಡಿ ತಾನೇ ಮುಚ್ಚಿಕೊಳ್ಳುತ್ತದೆ, ಹೆಂಟೆ ಮಾತ್ರ ಎರಡು ದಿನದಲ್ಲಿ ಒಣಗುತ್ತದೆ. ಗ್ರೀನಿನಲ್ಲಿ ಚೆಂಡು ಬಿದ್ದ ಗುಳಿಗೆ ಫೋರ್ಕನ್ನು ಗುಳಿಯ ಅಂಚಿನ ಹೊರಗೆ ಓರೆಯಾಗಿ ಚುಚ್ಚಿ, ಹಿಡಿಯನ್ನು ಗುಳಿಯ ಮಧ್ಯದ ಕಡೆಗೆ ತಳ್ಳಬೇಕು. ಸುತ್ತ ನಾಲ್ಕೈದು ಕಡೆ ಹಾಗೆ ಮಾಡಿ ಪಟರ್‌ನಿಂದ ತಟ್ಟಬೇಕು. ಹೆಚ್ಚಿನವರು ಗುಳಿಯೊಳಕ್ಕೆ ಚುಚ್ಚಿ ಮಣ್ಣನ್ನು ಮೇಲಕ್ಕೆ ಎಬ್ಬಿಸುತ್ತಾರೆ. ಬೇರು ಹರಿದು, ಆ ಕಂದು ಮಚ್ಚೆ ವಾರಗಟ್ಟಲೆ ಉಳಿಯುತ್ತದೆ.

ಊಟ, ಬಾರು ಚೆನ್ನಾಗಿವೆ. ಮಹಿಳೆಯರ ವಿಭಾಗ ಚಿಕ್ಕದಾದರೂ ಶಿಸ್ತಿನದು, ಕಾರ್ಡು ತಪ್ಪದೆ ಕೊಡುವವರು ಇವರೇ. ಮಕ್ಕಳ ತರಬೇತಿ ಬೇಸಿಗೆ ರಜೆಯಲ್ಲಿ ಶುರುವಾಗಿ ಶಾಲೆ ತೆರೆಯುವಾಗ ಸತ್ತುಹೋಗುತ್ತದೆ. ನಾಕೌಟ್ ಪಂದ್ಯ ಸೀಸನ್ ಪೂರ್ತಿ ನಡೆಯುತ್ತದೆ, ಅಪರಿಚಿತರ ಪರಿಚಯವಾಗುವುದು ಇಲ್ಲೇ. ಪ್ರತಿ ಸುತ್ತಿಗೂ ಕೊನೆಯ ದಿನಾಂಕವಿದೆ, ಪಟ್ಟಿಯಲ್ಲಿ ಮೇಲಿನ ಹೆಸರಿನವರು ಫೋನ್ ಮಾಡಬೇಕು. ಮಾಡುವುದಿಲ್ಲ. ಕೊನೆಯ ದಿನ ಸಂಜೆ ಎರಡೂ ಕಡೆ ‘ನಾನು ಕಾಯುತ್ತಿದ್ದೆ’ ಎನ್ನುತ್ತಾರೆ, ಸಮಿತಿ ನಾಣ್ಯ ಚಿಮ್ಮುತ್ತದೆ.

ನಮ್ಮ ದೊಡ್ಡ ತಕರಾರು ಪಂದ್ಯಪಟ್ಟಿಯ ಬಗ್ಗೆಯೇ. ಅಚ್ಚಾದ ಪಟ್ಟಿಯಲ್ಲಿರುವ ಶನಿವಾರಗಳನ್ನು ನಡುವೆಯೇ ಕಂಪನಿಗಳ ಪಂದ್ಯಕ್ಕೆ ಕೊಟ್ಟು, ಮೆಡಲ್ ಮುಂದೂಡುತ್ತಾರೆ. ಮೈದಾನದ ಖರ್ಚಿಗೆ ಆ ಹಣ ಬೇಕು, ಒಪ್ಪೋಣ. ಆದರೆ ಹವಾಮಾನ ಚೆನ್ನಾಗಿರುವ ತಿಂಗಳ ವಾರಾಂತ್ಯಗಳೇ ಹೋದರೆ ಸದಸ್ಯರಿಗೆ ಉಳಿಯುವುದು ಇಂಬಳದ ತಿಂಗಳು. ಸೇರುವ ಮೊದಲು ಕಾರ್ಯದರ್ಶಿಯ ಬಳಿ ಹೋದ ವರ್ಷದ ಪಟ್ಟಿ ಮತ್ತು ನಿಜಕ್ಕೂ ನಡೆದ ಪಂದ್ಯಗಳ ಫಲಿತಾಂಶ, ಎರಡನ್ನೂ ಕೇಳಿ ಪಕ್ಕಪಕ್ಕ ಇಟ್ಟು ನೋಡಿ. ಶುಲ್ಕದಲ್ಲಿ ಪ್ರವೇಶ ಹಣ, ತಿಂಗಳ ಚಂದಾ, ಆಟದ ಶುಲ್ಕ, ಜಿಎಸ್‌ಟಿ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಆಡದ ತಿಂಗಳಿಗೂ ಚಂದಾ ಇದೆ. ಸದಸ್ಯತ್ವ ಅಕ್ಟೋಬರ್‌ನಿಂದ ಚಾಲ್ತಿಗೆ ಬರುವಂತೆ ಅರ್ಜಿ ಹಾಕಿದರೆ ಮೂರು ಕಾರ್ಡು ಮುಗಿಸಿ ನವೆಂಬರ್ ಮೆಡಲ್‌ಗೆ ಇಂಡೆಕ್ಸ್ ಸಮೇತ ಇಳಿಯಬಹುದು. ದುಬೈನಲ್ಲೋ ಅಮೆರಿಕದಲ್ಲೋ ಇದ್ದು ವರ್ಷಕ್ಕೊಮ್ಮೆ ಬರುವವರು ‘ಗೈರುಹಾಜರಿ ಸದಸ್ಯತ್ವ’ ಇದೆಯೇ ಎಂದು ವಿಚಾರಿಸಿ, ಬರುವ ತಿಂಗಳ ಮೊದಲೇ ಪತ್ರ ಬರೆದು ಆಟದ ಹಕ್ಕು ಚಾಲ್ತಿ ಮಾಡಿಸಿಕೊಳ್ಳಬೇಕು, ಅಲ್ಲಿನ ಹ್ಯಾಂಡಿಕ್ಯಾಪ್ ಪ್ರಮಾಣಪತ್ರವನ್ನೂ ಜೊತೆಗೆ ತರಬೇಕು. ಅದಿಲ್ಲದೆ ಬಂದರೆ ಬಹುಮಾನದ ಪಂದ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ, ಈ ಒಂದು ವಿಷಯದಲ್ಲಿ ಸಮಿತಿ ಬಲು ಕಟ್ಟುನಿಟ್ಟು.