ಕುರಿಯ ಕೆಚ್ಚಲು ಬಾವಿಗೆ ಯಾವ ಲಸಿಕೆ?
ಸ್ಪೇನಿನಲ್ಲಿ ಹಾಲಿನ ಕುರಿ ಸಾಕುವವರಿಗೆ ಎರಡು ದಾರಿ: ರೆಡಿಮೇಡ್ ಲಸಿಕೆ ವಿಮ್ಕೊ, ಇಲ್ಲವೇ ಮಂದೆಯಲ್ಲೇ ಸಿಕ್ಕ ರೋಗಾಣುವಿನಿಂದ ಲ್ಯಾಬ್‌ನಲ್ಲಿ ಮಾಡಿಸಿದ್ದು.

ಸುಲಭ ವಿಮ್ಕೊನೇ. ಈಯುವ 5 ವಾರ ಮೊದಲು ಒಂದು ಸೂಜಿ, 3 ವಾರ ಬಿಟ್ಟು ಇನ್ನೊಂದು. ಅದು ಎದುರಿಸುವ ಬ್ಯಾಕ್ಟೀರಿಯಾ ಸ್ಟ್ಯಾಫಿಲೊಕಾಕಸ್ ಆರಿಯಸ್ ಕೆಚ್ಚಲೊಳಗೆ ಲೋಳೆ ಹೊದ್ದು ಕೂರುತ್ತದೆ, ಬಿಳಿ ರಕ್ತಕಣಗಳಿಗೆ ಅದನ್ನು ನುಂಗುವುದು ಕಷ್ಟ. ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು ಆ ಲೋಳೆಯನ್ನೇ ಹಿಡಿಯುತ್ತವೆ. ಆದರೆ ರಕ್ತದಲ್ಲಿ ಎಷ್ಟಿದ್ದರೂ ಹಾಲಿಗೆ ಇಳಿಯುವುದು ಸ್ವಲ್ಪವೇ ಅಲ್ವಾ, ಹಾಗಾಗಿ ಬಾವು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ನಿಮ್ಮಲ್ಲಿ ಕಾಟ ಬಾವು ತರುವ ಇನ್ನೊಂದು ಬ್ಯಾಕ್ಟೀರಿಯಾ ಮ್ಯಾನ್‌ಹೈಮಿಯಾದ್ದಾದರೆ ವಿಮ್ಕೊ ಸುಮ್ನೆ ದುಡ್ಡು ದಂಡ. ಆಗ ಮಂದೆಯದ್ದೇ ಸರಿ, ಲ್ಯಾಬ್‌ನಲ್ಲಿ ರೋಗಾಣು ಬೆಳೆಸುವ (ಕಲ್ಚರ್) ಖರ್ಚು ಜಾಸ್ತಿ, ವಾರಗಟ್ಟಲೆ ಕಾಯಬೇಕು, ಆದರೂ. ಮುಟ್ಟಿದರೆ ಗಂಟು ಸಿಗುವ ಕೆಚ್ಚಲಿಗೆ ಮಾತ್ರ ಎರಡೂ ತಡವೇ.