ಕಲಬುರಗಿ ಬಿಸಿಲಿಗೆ ಹಸಿರು ಶೇಡ್ ನೆಟ್: ತಗೋಬಹುದು, ಆದರೆ 50 ಪರ್ಸೆಂಟಿಂದೇ ತಗೊಳ್ಳಿ

ಮಾಳಿಗೆ ಮೇಲೆ ತರಕಾರಿ ಬೆಳೆಯುವವರು ಬೇಸಿಗೆ ಬಂತಂದ್ರೆ ಕೇಳುವುದು ಒಂದೇ ಪ್ರಶ್ನೆ, ನೆಟ್ ಹಾಕಿಸಬೇಕಾ ಬೇಡವಾ. ಕಲಬುರಗಿಯಲ್ಲಾದರೆ ಕೇಳುವ ಹಾಗೇ ಇಲ್ಲ, ಹಾಕಿಸಿ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಮೇಲೆ ಬಿಸಿಲು, ಕೆಳಗೆ ಕಾದ ಸಿಮೆಂಟು, ನಡುವೆ ಪಾಪದ ಟೊಮೆಟೊ ಗಿಡ. ಹೂವು ಬಿಡುತ್ತೆ, ಉದುರುತ್ತೆ, ಕಾಯಿ ಮಾತ್ರ ಕಟ್ಟಲ್ಲ.

ನಾನು ತಂದಿದ್ದು 10 ಅಡಿ ಅಗಲ, 20 ಅಡಿ ಉದ್ದದ ಹಸಿರು ನೆಟ್, 50 ಪರ್ಸೆಂಟ್ ನೆರಳಿನದು, ಸಾವಿರ ರೂಪಾಯಿ ಒಳಗೇ ಸಿಕ್ಕಿತು. ಅಂಗಡಿಯಲ್ಲಿ 75ರದ್ದನ್ನೇ ತೋರಿಸ್ತಾರೆ, ಜಾಸ್ತಿ ನೆರಳು ಜಾಸ್ತಿ ತಂಪು ಅಂತ. ಕಾರು ನಿಲ್ಲಿಸೋಕೆ ಅದು ಚೆನ್ನಾಗಿದೆ. ಕಾಯಿ ಬಿಡೋ ಗಿಡಕ್ಕೆ ಬೆಳಕು ಬೇಕಲ್ವಾ? ನಮ್ಮ ಪಕ್ಕದ ಮನೆಯವರು 75ರದ್ದನ್ನು ಹಾಕಿದರು, ಬದನೆ ಗಿಡ ಸಣಕಲಾಗಿ ಉದ್ದುದ್ದ ಹೋಯಿತು, ಎಲೆ ನೋಡೋಕೆ ಚೆಂದ, ಕಾಯಿ ಬೆರಳೆಣಿಕೆಯಷ್ಟು.

ಎಲ್ಲ ಗಿಡಕ್ಕೂ ನೆಟ್ ಬೇಕು ಅಂತಾನೂ ಇಲ್ಲ. ಟೊಮೆಟೊ, ಮೆಣಸಿನಗಿಡ, ಕೊತ್ತಂಬರಿ, ಮೆಂತ್ಯ, ಪಾಲಕ್ ಇವು ನೆಟ್ ಕೆಳಗೆ. ಬೆಂಡೆ, ಚವಳಿ, ಪುಂಡಿ ಬಿಸಿಲಿಗೇ ಹುಟ್ಟಿದವು, ಬೇರಿಗೆ ನೀರು ತಪ್ಪದಿದ್ದರೆ ಸಾಕು, ಹೊರಗೇ ಬಿಡಿ. ಕುಂಡದ ಮಣ್ಣಿನ ಮೇಲೆ ಒಣ ಹುಲ್ಲೋ ತರಗೆಲೆಯೋ ಎರಡು ಇಂಚು ಹೊದಿಸಿ. ನೆಟ್ ಹಾಕಿದ್ದೀವಲ್ಲ ಅಂತ ಒಂದು ದಿನ ನೀರು ಬಿಟ್ಟು ಮರುದಿನ ಎರಡರಷ್ಟು ಸುರಿದರೆ ಟೊಮೆಟೊ ಕಾಯಿಯ ತಳ ಕಪ್ಪಾಗುತ್ತೆ, ಅದು ಹುಳಾನೂ ಅಲ್ಲ ಅಂಟುರೋಗಾನೂ ಅಲ್ಲ, ನೀರು ಏರುಪೇರಾಗಿ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ಸೇರದೇ ಆಗುವ ತೊಂದರೆ, ಔಷಧಿ ಹೊಡೆದು ಉಪಯೋಗವಿಲ್ಲ.

ಈಗ ದೂರು. ಪ್ಯಾಕೆಟ್ ಮೇಲೆ "ಕೀಟಗಳಿಂದ ರಕ್ಷಣೆ" ಅಂತ ಬರೆದಿದ್ದಾರೆ. ಶುದ್ಧ ಸುಳ್ಳು. ಈ ನೆಟ್ಟಿನ ಕಣ್ಣಿನಲ್ಲಿ ಬಿಳಿ ನೊಣ ಆರಾಮಾಗಿ ನುಗ್ಗುತ್ತೆ, ಮೇಲಾಗಿ ನಾವು ಬದಿಗಳನ್ನು ತೆರೆದೇ ಬಿಟ್ಟಿರುತ್ತೇವೆ. ಟೊಮೆಟೊ ಎಲೆ ಮುದುಡುವ ವೈರಸ್ಸನ್ನು ಹೊತ್ತು ತರುವುದು ಅದೇ ನೊಣ, ಬೆಂಡೆಗೆ ಹಳದಿ ರೋಗ ತರುವುದೂ ಅದೇ. ರೋಗ ಬಂದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಬೇಕು. ನೊಣ ತಡೆಯಬೇಕಂದ್ರೆ ತೀರಾ ಸಣ್ಣ ಕಣ್ಣಿನ ಕೀಟದ ಬಲೆಯೇ ಬೇರೆ ಬರುತ್ತೆ, ಆದರೆ ಅದರೊಳಗೆ ಗಾಳಿ ಆಡಲ್ಲ, ಜೇನೂ ಬರಲ್ಲ, ಹೀರೆ ಸೋರೆಗೆ ನೀವೇ ಕೈಯಾರೆ ಪರಾಗ ಮುಟ್ಟಿಸ್ತಾ ಕೂರಬೇಕು. ನಾನು ಹಳದಿ ಅಂಟು ಹಾಳೆ ನೇತು ಹಾಕಿ ಸುಮ್ನಾದೆ.

ನುಸಿಯ ಕಾಟವೂ ನೆಟ್ಟಿನಿಂದ ನಿಲ್ಲಲ್ಲ. ಒಣ ಬಿಸಿ, ಧೂಳು ಅಂದ್ರೆ ಅದಕ್ಕೆ ಹಬ್ಬ. ಬದನೆ ಎಲೆ ಮೇಲೆ ಬಿಳಿಚಿದ ಚುಕ್ಕೆ ಕಂಡರೆ ಎಲೆ ಮಗುಚಿ ನೋಡಿ, ನರದ ಪಕ್ಕ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಹರಿದಾಡ್ತಾ ಇರುತ್ತವೆ, ಜಾಸ್ತಿಯಾದರೆ ತೆಳ್ಳಗೆ ಬಲೆಯೂ ಕಟ್ಟಿರುತ್ತವೆ. ಎಲೆಯ ಅಡಿಗೆ ಜೋರಾಗಿ ನೀರು ಹೊಡೆದು ತೊಳೆಯಿರಿ. ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಸೇರಿಸಿ ಸಂಜೆ ಸಿಂಪಡಿಸಿ, ವಾರಕ್ಕೊಮ್ಮೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ, ಬೇವಿನ ಸತ್ವವೂ ಬಿಸಿಲಿಗೆ ಬೇಗ ಕೆಡುತ್ತೆ.

ಇನ್ನು ಗಾಳಿ. ಮೇ ತಿಂಗಳ ಸಂಜೆ ಧೂಳುಗಾಳಿ ಎದ್ದಾಗಲೇ ನೆಟ್ಟಿನ ಯೋಗ್ಯತೆ ಗೊತ್ತಾಗೋದು. ನಡುವಿನ ಹೆಣಿಗೆ ಗಟ್ಟಿ, ಕತ್ತರಿಸಿದರೂ ಎಳೆ ಬಿಡಲ್ಲ. ಹರಿದಿದ್ದು ಅಂಚಿನ ರಿಂಗ್‌ಗಳು, ಟೇಪಿಗೆ ಒಂದೇ ಹೊಲಿಗೆ ಹಾಕಿದ್ದಾರೆ, ಮೊದಲ ಬಿರುಗಾಳಿಗೇ ಎರಡು ಮೂಲೆ ಕಿತ್ತು ಬಂದವು. ದಾರದಿಂದ ಬಿಗಿಯಾಗಿ ಕಟ್ಟುವ ಬದಲು ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಪಟ್ಟಿ ಮಾಡಿ ಕಟ್ಟಿ, ಗಾಳಿ ಎಳೆದಾಗ ಹಿಗ್ಗುತ್ತೆ, ಆಮೇಲಿಂದ ಒಂದೂ ಕಿತ್ತಿಲ್ಲ. ಗಿಡದ ತುದಿಗೂ ನೆಟ್ಟಿಗೂ ಎರಡು ಮೂರು ಅಡಿ ಜಾಗ ಬಿಡಿ, ಇಲ್ಲಾಂದ್ರೆ ಬಿಸಿ ಗಾಳಿ ಅಲ್ಲೇ ಕೂರುತ್ತೆ.

ಸ್ಟಾರ್ ಕೊಡಬೇಕಂದ್ರೆ ಐದಕ್ಕೆ ನಾಲ್ಕು, ಕಳೆದ ಒಂದು ಸ್ಟಾರ್ ಅಂಚಿನ ರಿಂಗಿಗೂ ಪ್ಯಾಕೆಟ್ ಮೇಲಿನ ಆ ಸುಳ್ಳಿಗೂ. ಜೂನಲ್ಲಿ ಮೋಡ ಕಟ್ಟಿದ ಮೇಲೆ ನೆಟ್ ಬಿಚ್ಚಿ ಒಣಗಿಸಿ ಸುತ್ತಿಡಿ, ಇಲಿ ಸೇರದ ಜಾಗದಲ್ಲಿ.