ಆ್ಯನ್ ಆರ್ಬರ್‌ನ ಸರ್ಕಾರಿ ಹೈಸ್ಕೂಲುಗಳು: ರೇಟಿಂಗ್ ಪಕ್ಕಕ್ಕಿಟ್ಟು ನೋಡಿದರೆ

ಮಿಶಿಗನ್‌ಗೆ ಕೆಲಸದ ಮೇಲೆ ಬರುವ ನಮ್ಮವರು ಮನೆ ಹುಡುಕುವ ಮೊದಲೇ ಶಾಲೆಗಳಿಗೆ ಅಂಕ ಕೊಡುವ ಗ್ರೇಟ್‌ಸ್ಕೂಲ್ಸ್ ವೆಬ್‌ಸೈಟ್ ತೆಗೆದು, ಯಾವ ಹೈಸ್ಕೂಲಿಗೆ 10ಕ್ಕೆ ಎಷ್ಟು ಬಂದಿದೆ ಅಂತ ಬರೆದಿಟ್ಟುಕೊಂಡಿರುತ್ತಾರೆ. ಆಮೇಲೆ ಒಂದು ಅಂಕ ಜಾಸ್ತಿ ಇರುವ ಏರಿಯಾದಲ್ಲೇ ಮನೆ ಬೇಕು ಅಂತ ಹಟ. ನನ್ನ ಮಾತು ಕೇಳುವುದಾದರೆ ಆ ಅಂಕಕ್ಕೋಸ್ಕರ ಸಾಲ ಜಾಸ್ತಿ ಮಾಡಬೇಡಿ. ಇಂಥ ರೇಟಿಂಗಿನಲ್ಲಿ ಪಾಠ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಆ ಏರಿಯಾದ ಅಪ್ಪ ಅಮ್ಮಂದಿರ ಸಂಬಳ ಎಷ್ಟು ಅನ್ನುವುದೇ ಜಾಸ್ತಿ ಕಾಣುತ್ತದೆ.

ಊರು ತೀರಾ ದೊಡ್ಡದೇನಲ್ಲ. 2020ರ ಜನಗಣತಿಯಲ್ಲಿ ಸುಮಾರು 1.24 ಲಕ್ಷ ಜನ. ಎಲ್ಲರ ಬಾಯಲ್ಲಿ ಓಡಾಡುವ ಸರ್ಕಾರಿ ಹೈಸ್ಕೂಲು ನಾಲ್ಕು: ಪಯನೀರ್, ಹ್ಯೂರಾನ್, ಸ್ಕೈಲೈನ್, ಕಮ್ಯುನಿಟಿ. ನಾಲ್ಕೂ ಒಂದೇ ಸ್ಕೂಲ್ ಡಿಸ್ಟ್ರಿಕ್ಟಿಗೆ, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಒಂದೇ ಆಡಳಿತಕ್ಕೆ ಸೇರಿದವು. ಶಾಲೆಗಳ ಹಣದ ಲೆಕ್ಕ ಬದಲಿಸಿದ 1994ರ ರಾಜ್ಯದ ಕಾನೂನು ಪ್ರಪೋಸಲ್ ಎ ಬಂದಮೇಲೆ ಶಾಲೆ ನಡೆಸುವ ದುಡ್ಡು ಮಗುವಿಗೆ ಇಷ್ಟು ಅಂತ ರಾಜ್ಯದ ಲೆಕ್ಕದಲ್ಲೇ ಬರುತ್ತದೆ, ಪಕ್ಕದ ಬೀದಿಯ ಮನೆ ದುಬಾರಿ ಅಂತ ಆ ಶಾಲೆಗೆ ಜಾಸ್ತಿ ಸಿಗುವುದಿಲ್ಲ. ಪಾಸಾಗಲು ಬೇಕಾದ ಕನಿಷ್ಠ 18 ಕ್ರೆಡಿಟ್ (ವರ್ಷಪೂರ್ತಿ ಓದಿದ ಒಂದು ವಿಷಯಕ್ಕೆ ಒಂದು), ಅದರಲ್ಲಿ ಗಣಿತಕ್ಕೆ ನಾಲ್ಕು, ಇದು ಇಡೀ ರಾಜ್ಯಕ್ಕೇ ಒಂದು. ಕಾಲೇಜ್ ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯನ್ನೂ 11ನೇ ಕ್ಲಾಸಿನಲ್ಲಿ ಶಾಲೆಯಲ್ಲೇ ಪುಕ್ಕಟೆ ಬರೆಸುತ್ತಾರೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಮಗುವಿನ ದಿನ ಹೇಗೆ ಕಳೆಯುತ್ತದೆ ಅನ್ನುವುದರಲ್ಲಿ.

ಪಯನೀರ್ ಹಳೆಯದು, ವಿಶಾಲವಾದದ್ದು. ಎದುರಿಗೇ ಮಿಶಿಗನ್ ಸ್ಟೇಡಿಯಂ, 1,07,601 ಸೀಟಿನದು. ಯುನಿವರ್ಸಿಟಿ ಮ್ಯಾಚ್ ಇರುವ ಶನಿವಾರ ಶಾಲೆಯ ಜಾಗವೆಲ್ಲ ಕಾರ್ ಪಾರ್ಕಿಂಗ್ ಆಗಿ, ಗ್ರಿಲ್ ಹಚ್ಚಿಕೊಂಡವರು ಬೆಳಿಗ್ಗೆಯೇ ಠಿಕಾಣಿ ಹೂಡುತ್ತಾರೆ, ಅವತ್ತು ಆ ಕಡೆ ಕಾರು ತೆಗೆಯಲೇಬೇಡಿ. ಕಟ್ಟಡದ ಒಳಗೊಂದು ತಾರಾಲಯ ಇದೆ, ಇದೇ ಊರಿನ ಆರ್ಗಸ್ ಕ್ಯಾಮೆರಾ ಕಂಪನಿಯ ಹೆಸರಿನದು. ಆದರೆ ಪಯನೀರ್ ಅಂದರೆ ಮುಖ್ಯವಾಗಿ ಸಂಗೀತ. ಶಾಲೆಯ ಸಂಗೀತಕ್ಕೆ ಕೊಡುವ ಗ್ರ್ಯಾಮಿ ಫೌಂಡೇಶನ್ನಿನ ಸಿಗ್ನೇಚರ್ ಸ್ಕೂಲ್ ಗೌರವ ಒಂದಕ್ಕಿಂತ ಜಾಸ್ತಿ ಸಲ ಬಂದಿದೆ. ಮನೆಯಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿಯುವ ಮಕ್ಕಳಿಗೆ ಇಲ್ಲಿ ಒಳ್ಳೇ ಮಜಾ ಇದೆ: ಸಂಜೆ ನೆಲದ ಮೇಲೆ ಕೂತು ಪಿಟೀಲಿನ ತುದಿಯನ್ನು ಪಾದಕ್ಕೆ ಊರಿ ವರ್ಣ, ಹಗಲು ಕುರ್ಚಿಯಲ್ಲಿ ನೆಟ್ಟಗೆ ಕೂತು ಗದ್ದಕ್ಕೆ ಒತ್ತಿಕೊಂಡು, ಮುಂದಿನ ಹಾಳೆ ನೋಡಿ ಆರ್ಕೆಸ್ಟ್ರಾ. ಎರಡನ್ನೂ ಸಲೀಸಾಗಿ ಮಾಡುವ ಮಕ್ಕಳಿದ್ದಾರೆ. ನಾಚಿಕೆ ಸ್ವಭಾವದ, ತಾನಾಗಿ ಕೈ ಎತ್ತದ ಮಗುವಿಗೆ ಮಾತ್ರ ಅಷ್ಟು ದೊಡ್ಡ ಶಾಲೆ ಸ್ವಲ್ಪ ಕಷ್ಟ.

ಹ್ಯೂರಾನ್ ಹೆಸರು ನಮ್ಮವರ ಮನೆಗಳಲ್ಲಿ ಜಾಸ್ತಿ ಕೇಳುತ್ತದೆ, ಯಾಕಂದರೆ ಪ್ಲಿಮತ್ ರೋಡ್ ಸುತ್ತಮುತ್ತ ನಮ್ಮವರೇ ಜಾಸ್ತಿ. ಹೊಳೆ ಹತ್ತಿರವೇ ಹರಿಯುತ್ತದೆ, ಆಟದ ತಂಡದ ಹೆಸರು ರಿವರ್ ರ್‍ಯಾಟ್ಸ್, ಅಂದರೆ ಹೊಳೆ ಇಲಿಗಳು. ಮೊದಲ ಸಲ ಕೇಳಿದ ಅಜ್ಜಿ ತಾತಂದಿರು ಮುಖ ಸಿಂಡರಿಸುತ್ತಾರೆ, ಮಕ್ಕಳಿಗೆ ಮಾತ್ರ ಎಲ್ಲಿಲ್ಲದ ಹೆಮ್ಮೆ. ಇಲ್ಲಿನ ವಿಶೇಷ ಐಬಿ ಡಿಪ್ಲೊಮಾ, ಅಂದರೆ ಎರಡು ವರ್ಷದ ಒಂದು ಅಂತರರಾಷ್ಟ್ರೀಯ ಪಠ್ಯಕ್ರಮ. ಆರು ವಿಷಯ, 4,000 ಪದಗಳವರೆಗಿನ ಒಂದು ಸ್ವಂತ ಪ್ರಬಂಧ, ಅದರ ಮೇಲೆ ಸಮಾಜಸೇವೆ ಇತ್ಯಾದಿ. ಬರೆಯುವುದು, ವಾದ ಮಾಡುವುದು ಇಷ್ಟ ಇರುವ ಮಗುವಿಗೆ ಇದು ಹಬ್ಬ. ಗಣಿತ, ವಿಜ್ಞಾನ ಬಿಟ್ಟು ಬೇರೇನೂ ಬೇಡ ಅನ್ನುವ ಮಗುವನ್ನು "ಐಬಿ ಅಂದರೆ ದೊಡ್ಡದಂತೆ" ಅಂತ ನೂಕಬೇಡಿ, ಎರಡು ವರ್ಷ ಸುಮ್ನೆ ಒದ್ದಾಡುತ್ತದೆ. ಅಂಥವರಿಗೆ ಬೇಕಾದ ವಿಷಯವನ್ನಷ್ಟೇ ಕಾಲೇಜ್ ಮಟ್ಟದಲ್ಲಿ ಓದುವ ಎಪಿ ಕೋರ್ಸುಗಳೇ ಸಾಕು.

ಸ್ಕೈಲೈನ್ ಶುರುವಾದದ್ದು 2008ರಲ್ಲಿ, ಊರಿನ ವಾಯವ್ಯದ ಅಂಚಿನಲ್ಲಿ. ವೈದ್ಯಕೀಯ, ಬಿಸಿನೆಸ್, ಮಾಧ್ಯಮ ಹೀಗೆ ಒಂದೊಂದು ದಾರಿ ಹಿಡಿದು ಓದುವ ಮ್ಯಾಗ್ನೆಟ್ ಪದ್ಧತಿ ಇದರದು. ಕಟ್ಟಡ ಚೆನ್ನಾಗಿದೆ. 15 ವರ್ಷದ ಮಗುವಿಗೆ ತಾನು ಏನಾಗಬೇಕು ಅಂತ ಗೊತ್ತಿರುತ್ತದೆ ಅನ್ನುವುದು ನನಗಂತೂ ಅನುಮಾನ, ಆದರೆ ಹೆಲ್ತ್ ಮ್ಯಾಗ್ನೆಟ್ ಹಿಡಿದು ಖುಷಿಯಾಗಿರುವ ಮಕ್ಕಳನ್ನೂ ನೋಡಿದ್ದೇನೆ.

ಇನ್ನು ಕಮ್ಯುನಿಟಿ. ನನಗೆ ತುಂಬ ಇಷ್ಟವಾದದ್ದು ಇದೇ, ಸಿಗುವುದೂ ಇದೇ ಕಷ್ಟ. 1972ರಲ್ಲಿ ಶುರುವಾಯಿತು, ಪೇಟೆ ಮಧ್ಯೆ ಕೆರಿಟೌನ್‌ನಲ್ಲಿದೆ, ರೈತರ ಮಾರುಕಟ್ಟೆಗೂ ಜಿಂಗರ್‌ಮನ್ಸ್ ಡೆಲಿಗೂ ನಡೆದು ಹೋಗುವಷ್ಟೇ ದೂರ, ಮಧ್ಯಾಹ್ನ ಊಟಕ್ಕೆ ಮಕ್ಕಳು ಹೊರಗೆ ಹೋಗಬಹುದು. ಉಳಿದ ಮೂರರ ಮುಂದೆ ಪುಟ್ಟ ಶಾಲೆ. ಪ್ರತಿ ಮಗುವೂ ಒಂದು ಫೋರಂಗೆ ಸೇರುತ್ತದೆ, ಅಂದರೆ ಒಬ್ಬ ಟೀಚರ್, ಒಂದು ಸಣ್ಣ ಗುಂಪು, ನಾಲ್ಕೂ ವರ್ಷ ಅದೇ. ಶಾಲೆಯಲ್ಲಿಲ್ಲದ ವಿಷಯವನ್ನು ಊರಿನಲ್ಲಿ ಗೊತ್ತಿರುವವರ ಹತ್ತಿರ ಕಲಿತು ಅದಕ್ಕೂ ಕ್ರೆಡಿಟ್ ತಗೊಳ್ಳಬಹುದು. ಜ್ಯಾಝ್ ತಂಡಗಳು ಡೌನ್‌ಬೀಟ್ ಪತ್ರಿಕೆಯ ಪ್ರಶಸ್ತಿ ಗೆದ್ದಿವೆ. ಫುಟ್‌ಬಾಲ್ ಟೀಮು ಇಲ್ಲ, ಆಡಬೇಕೆಂದರೆ ಮನೆ ವಿಳಾಸಕ್ಕೆ ಸೇರಿದ ದೊಡ್ಡ ಶಾಲೆಯ ಟೀಮಿನಲ್ಲೇ ಆಡಬೇಕು. 1990ರ ದಶಕದಲ್ಲಿ ಇದರ ಸೀಟಿಗೆ ಅಪ್ಪ ಅಮ್ಮಂದಿರು ಹೊರಗೆ ಟೆಂಟು ಹಾಕಿಕೊಂಡು ರಾತ್ರಿಗಟ್ಟಲೆ ಸರತಿಯಲ್ಲಿ ಮಲಗುತ್ತಿದ್ದರು. ಆ ಗಲಾಟೆ ನೋಡಿಯೇ ಲಾಟರಿ ತಂದದ್ದು, ಅಂದರೆ ಚೀಟಿ ಎತ್ತಿದ ಹಾಗೆ ಸೀಟು ಹಂಚುವುದು. ಅಂಕ, ಶಿಫಾರಸು, ಮನೆ ಬೆಲೆ ಯಾವುದೂ ನಡೆಯುವುದಿಲ್ಲ. ನಮ್ಮವರಿಗೆ ಇದು ನುಂಗಲಾರದ ತುತ್ತು, ಅಲ್ವಾ? ಆದರೂ ಅರ್ಜಿ ಹಾಕಿ, ಹೋಗುವುದೇನಿದೆ.

ಎಲ್ಲ ಕಡೆಯೂ ಇರುವ ತೊಂದರೆ ಒಂದನ್ನು ಹೇಳಲೇಬೇಕು. 2024ರಲ್ಲಿ ಡಿಸ್ಟ್ರಿಕ್ಟಿಗೆ ಸುಮಾರು 2.5 ಕೋಟಿ ಡಾಲರ್ ಕೊರತೆ ಬಿದ್ದು ಟೀಚರ್ ಕೆಲಸಗಳಿಗೂ ಕತ್ತರಿ ಬಿತ್ತು. ಹಾಗಾಗಿ ಶಾಲೆ ನೋಡಲು ಹೋದಾಗ ಟ್ರೋಫಿ ಕಪಾಟು ನೋಡಿ ಮರುಳಾಗಬೇಡಿ. ಒಬ್ಬ ಕೌನ್ಸೆಲರ್ ಕೈಕೆಳಗೆ ಎಷ್ಟು ಮಕ್ಕಳು, ಮಗು ಕೇಳಿದ ಕೋರ್ಸಿನಲ್ಲಿ ಜಾಗ ಇಲ್ಲದಿದ್ದರೆ ಏನು ಮಾಡುತ್ತೀರಿ, ಇವೆರಡನ್ನು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಮತ್ತೆ ಕೇಳಿ, ಸಂಕೋಚ ಬೇಡ.

ನಾಲ್ಕರಲ್ಲಿ ಯಾವುದೂ ಹಿಡಿಸದಿದ್ದರೆ ಪಕ್ಕದ ಇಪ್ಸಿಲಾಂಟಿಯಲ್ಲಿ ಈಸ್ಟರ್ನ್ ಮಿಶಿಗನ್ ಯುನಿವರ್ಸಿಟಿಯ ಅರ್ಲಿ ಕಾಲೇಜ್ ಅಲಯನ್ಸ್ ಇದೆ. ಹೈಸ್ಕೂಲಿನಲ್ಲಿರುವಾಗಲೇ 60ರವರೆಗೆ ಕಾಲೇಜ್ ಕ್ರೆಡಿಟ್, ಅದೂ ಬಿಟ್ಟಿ. ಇಲ್ಲಿನ ಕಾಲೇಜ್ ಫೀಸು ನೋಡಿದವರು ಇದರ ಬಗ್ಗೆ ಇಷ್ಟು ಕಡಿಮೆ ಮಾತಾಡುವುದು ನನಗಿನ್ನೂ ಅರ್ಥವಾಗಿಲ್ಲ.